ಕಾರ್ಡಿನ ಹಿಂಬದಿ

ಸೋಮವಾರ ಬೆಳಗಿನ ಕೆಲಸದ ಚೀಟಿಗಳನ್ನು ಹಂಚಿ ಮುಗಿಸಿ ಕೂತಿದ್ದೆ. ಒಳಗೆ ಬಂದ ಎಂಜಿನಿಯರ್ ನನ್ನನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದಿನ ಗೋಡೆಯನ್ನು ನೋಡಿದರು.

"ಎರಡು ತಿಂಗಳಲ್ಲಿ ಈ ಹಲಗೆ ಇಳೀಬೇಕು," ಎಂದರು. "ಇದರಲ್ಲಿರೋದೆಲ್ಲ ಕಂಪ್ಯೂಟರಿಗೆ ಹೋಗುತ್ತೆ. ಅದನ್ನ ನೋಡ್ಕೊಳ್ಳೋಕೆ ಒಬ್ಬರು ಬರ್ತಾರೆ. ನೀವು ಅವರಿಗೆ ಸಹಾಯ ಮಾಡಿ."

ಹಲಗೆ ಇಳಿಯುವುದು ಅಷ್ಟಾಗಿ ತಟ್ಟಲಿಲ್ಲ. 'ಸಹಾಯ' ಎಂಬ ಮಾತು ಮಾತ್ರ ನಾಟಿತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಊರಿಗಾಂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಚಿನ್ನದ ಗಣಿಯ ಕಾರ್ಯಾಗಾರದಲ್ಲಿ ನಾನು ರಿಪೇರಿ ಕೆಲಸಗಳ ಗುಮಾಸ್ತನಾಗಿದ್ದೆ. ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಆ ಹಲಗೆ ನನ್ನದು. ಹಸಿರು ಬಣ್ಣ ಬಳಿದ ಪ್ಲೈವುಡ್, ಅದರ ತುಂಬ ಸಾಲುಸಾಲಾಗಿ ಮೊಳೆ. ಒಂದೊಂದು ಮೊಳೆಗೂ ಕಾರ್ಡುಗಳು. ಪಂಪು, ಕಂಪ್ರೆಸರ್, ಗಾಳಿ ಬೀಸುವ ಫ್ಯಾನು, ಜನರನ್ನು ಗಣಿಯೊಳಕ್ಕೆ ಒಯ್ಯುವ ಕೇಜನ್ನು ಇಳಿಸುವ ಏರಿಸುವ ಎಂಜಿನ್ನು, ಯಾವುದಕ್ಕೆ ಯಾವಾಗ ಏನು ಮಾಡಬೇಕೆಂಬುದೆಲ್ಲ ಅಲ್ಲಿತ್ತು. ತಿಂಗಳ ಕೆಲಸಕ್ಕೆ ಬಿಳಿ ಕಾರ್ಡು, ಯಂತ್ರ ನಿಲ್ಲಿಸಿಯೇ ಮಾಡಬೇಕಾದುದಕ್ಕೆ ಗುಲಾಬಿ, ಕೆಟ್ಟು ನಿಂತದ್ದಕ್ಕೆ ಹಳದಿ. ಬೆಳಿಗ್ಗೆ ಆ ದಿನದ ಮೊಳೆಯಿಂದ ಕಾರ್ಡು ತೆಗೆದು ಚೀಟಿ ಬರೆದು ಕೊಡುವುದು. ಕೆಲಸ ಮುಗಿದು ಸಹಿಯಾಗಿ ಚೀಟಿ ವಾಪಸ್ಸು ಬಂದರೆ ಕಾರ್ಡನ್ನು ಮುಂದಿನ ಸರದಿಯ ಮೊಳೆಗೆ ಹಾಕುವುದು. ಹನ್ನೊಂದು ವರ್ಷ ಇದನ್ನೇ ಮಾಡಿದ್ದೆ.

ನಮ್ಮ ಫೋರ್‌ಮನ್ ಆಂಧ್ರದ ಗಡಿ ಕಡೆಯವರು. ಕನ್ನಡದೊಳಗೆ ತೆಲುಗು ಬೆರೆಸಿಯೇ ಮಾತಾಡುತ್ತಿದ್ದರು. ದಿನವೂ ಕೈಯಲ್ಲಿ ಟೀ ಲೋಟ ಹಿಡಿದು ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, "ಏಮಯ್ಯಾ, ಬೋರ್ಡು ಏನಂತೈತೆ ಇವತ್ತು?" ಎಂದು ಕೇಳಿದ ಮೇಲೆಯೇ ಅವರ ಕೆಲಸ ಶುರು. ಆ ಪ್ರಶ್ನೆ ಹಲಗೆಗಲ್ಲ, ನನಗೆ ಎಂದು ನಾನು ತಿಳಿದಿದ್ದೆ.

ಬಂದವನು ಯಾರೋ ಹೊರಗಿನ ಓದಿದವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬಂದವನು ಲ್ಯಾಂಪ್ ರೂಮಿನವನು. ಗಣಿಗೆ ಇಳಿಯುವವರಿಗೆ ದೀಪ ಕೊಟ್ಟು ಅವರ ನಂಬರಿನ ಬಿಲ್ಲೆ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಿದ್ದ. ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲಿ ಮನೆ, ಮನೆಯಲ್ಲಿ ತಮಿಳು. ನನಗಿಂತ ಎಂಟು ವರ್ಷ ಚಿಕ್ಕವನು. ಕೆಲಸ ಮುಗಿಸಿ ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದನಂತೆ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆ ಅರ್ಜಿ ಬರೆಯುವುದನ್ನು ಹೇಳಿಕೊಟ್ಟವನೇ ನಾನು. ಮೊದಲ ದಿನ ಬಂದು ನನ್ನ ಮೇಜಿನ ಮುಂದೆ ನಿಂತ.

"ಅಣ್ಣಾ, ನಿಮ್ ಬೋರ್ಡ್ ಇಲ್ಲಾಂದ್ರೆ ನನ್ ಕೈಲಿ ಏನೂ ಆಗಲ್ಲ. ನೀವೇ ಏಳ್ಕೊಡ್ಬೇಕು."

"ಆಗ್ಲಿ ಬಾರಪ್ಪಾ," ಎಂದೆ. ಬಾಯಿ ಅಂದಿತು ಅಷ್ಟೆ.

ಅವನಿಗೆ ಸ್ಟೋರಿನ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಕಿಟಕಿಗೆ ಹೊಸ ಪರದೆ, ನೆಲಕ್ಕೆ ಹಾಸು, ಗೋಡೆಗೆ ಕೂಲರ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹನ್ನೊಂದು ವರ್ಷದಲ್ಲಿ ನನಗೆ ನನ್ನ ತಲೆಯ ಮೇಲಿನ ಫ್ಯಾನಿನ ರೆಕ್ಕೆ ಸರಿಮಾಡಿಸಿಕೊಳ್ಳಲಾಗಿರಲಿಲ್ಲ. ಟೀ ತರುವಾತ ಮೊದಲು ಆ ಕೋಣೆಗೆ ಹೋಗಿ ಆಮೇಲೆ ನನ್ನ ಬಳಿ ಬರತೊಡಗಿದ. ಲೋಟದಲ್ಲಿ ಟೀ ಎಷ್ಟು ಬಿಸಿಯಿದೆ ಎಂದು ಬೆರಳಿಟ್ಟು ನೋಡಿಕೊಳ್ಳುವ ಮಟ್ಟಕ್ಕೆ ಇಳಿದಿದ್ದೆ.

ಕೆಲಸದ ಕ್ರಮ ಹೀಗಿತ್ತು. ಎಂಜಿನಿಯರ್ ಒಂದು ನಮೂನೆ ಅಚ್ಚು ಹಾಕಿಸಿದ್ದರು. ಯಂತ್ರದ ನಂಬರು, ಕೆಲಸ, ಎಷ್ಟು ದಿನಕ್ಕೊಮ್ಮೆ, ಕಡೆಯ ಸಲ ಮಾಡಿದ ತಾರೀಖು, ಹೀಗೆ ನಾಲ್ಕು ಅಂಕಣ. ನಾನು ಒಂದೊಂದೇ ಕಾರ್ಡನ್ನು ನೋಡಿ ನಮೂನೆ ತುಂಬಬೇಕು. ಅವನು ನಮೂನೆ ನೋಡಿ ಕಂಪ್ಯೂಟರಿಗೆ ಹೊಡೆಯಬೇಕು. ಕಾರ್ಡುಗಳು ಸಾವಿರದ ಮೇಲಿದ್ದವು.

ಎಂಜಿನಿಯರಿಗೆ ಗೊತ್ತಿರದ ಒಂದು ಸಂಗತಿಯಿತ್ತು. ಕಾರ್ಡಿನ ಮುಂಬದಿಯಲ್ಲಿ ಅಚ್ಚಿನ ಗೆರೆಗಳ ಮೇಲೆ ಇಂಕಿನಲ್ಲಿ ಬರೆದಿದ್ದುದು ಕೆಲಸದ ಹೆಸರು ಮತ್ತು ತಾರೀಖು. ಹಿಂಬದಿಯಲ್ಲಿ ನಾನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಈ ಕಂಪ್ರೆಸರಿನ ಎಡಗಡೆ ಮುಚ್ಚಳದ ಬೋಲ್ಟು ಉಲ್ಟಾ ತಿರುಗುತ್ತದೆ, ಈ ಫ್ಯಾನನ್ನು ನಿಲ್ಲಿಸುವ ಮೊದಲು ಗಣಿಯೊಳಗಿನ ಕೆಳ ಅಂತಸ್ತಿನ ಲೆವೆಲ್ಲಿಗೆ ಫೋನು ಮಾಡಬೇಕು, ಈ ಕೆಲಸಕ್ಕೆ ಗಿಡ್ಡ ಪಾನಾ ಒಯ್ಯದಿದ್ದರೆ ಕೈ ಹಿಡಿಸುವುದಿಲ್ಲ. ಫಿಟರುಗಳು ಬಂದು ಹೇಳಿದ್ದನ್ನೆಲ್ಲ ಬರೆದುಕೊಂಡು, ಮುಂದಿನ ಸಲ ಚೀಟಿ ಕೊಡುವಾಗ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಅದಕ್ಕೇ ಎಲ್ಲರೂ ನನ್ನ ಮೇಜಿನ ಬಳಿ ಎರಡು ನಿಮಿಷ ನಿಲ್ಲುತ್ತಿದ್ದರು.

ನಮೂನೆಯಲ್ಲಿ ಹಿಂಬದಿಗೆ ಅಂಕಣವಿರಲಿಲ್ಲ. ಮೊದಲ ಕಾರ್ಡು ಹಿಡಿದಾಗಲೇ ಅದು ನನ್ನ ಕಣ್ಣಿಗೆ ಬಿತ್ತು. ಎಂಜಿನಿಯರಿಗೆ ಹೇಳಬಹುದಿತ್ತು. ಕೇಳಿದ್ದನ್ನು ಕೊಟ್ಟರೆ ಸಾಕಲ್ಲ ಅಂದುಕೊಂಡೆ. ಮುಂಬದಿಯದನ್ನಷ್ಟೇ ತುಂಬಿದೆ.

ತೊಂದರೆಗಳು ಬೇಗನೇ ಶುರುವಾದವು, ನನಗೆ ಒಳಗೊಳಗೇ ಹಬ್ಬ. ಆ ಪ್ರೋಗ್ರಾಮಿಗೆ ಎಲ್ಲವೂ ದಿನದ ಲೆಕ್ಕದಲ್ಲೇ ಬೇಕು. ನನ್ನ ಕಾರ್ಡುಗಳಲ್ಲಿ 'ಮಳೆಗಾಲಕ್ಕೆ ಮುಂಚೆ' ಎಂದೂ ಇತ್ತು, 'ಶಬ್ದ ಬಂದರೆ' ಎಂದೂ ಇತ್ತು. ಅವನು ಹಾಗೂ ಹೀಗೂ ಒಂದು ಸಂಖ್ಯೆ ಕೊಟ್ಟ. ಒಂದು ಮಧ್ಯಾಹ್ನ ಕರೆಂಟು ಹೋಗಿ ಅರ್ಧ ದಿನ ಹೊಡೆದಿದ್ದೆಲ್ಲ ಮಾಯವಾಯಿತು. ಆಮೇಲೆ ಮೊದಲ ಪಟ್ಟಿ ತೆಗೆದ ದಿನ. ಕಡೆಯ ತಾರೀಖು ಖಾಲಿಯಿದ್ದ ಕೆಲಸಗಳೆಲ್ಲ ಇವತ್ತೇ ಆಗಬೇಕು ಎಂದು ಕಂಪ್ಯೂಟರ್ ತೀರ್ಮಾನಿಸಿತು. ಪ್ರಿಂಟರಿನಿಂದ ಕಾಗದ ಬರುತ್ತಲೇ ಇತ್ತು, ಕೋಣೆ ದಾಟಿ ವರಾಂಡಕ್ಕೂ ಹರಡಿತು. ಫಿಟರುಗಳು ಅದನ್ನು ಸೀರೆಯ ಸೆರಗಿನಂತೆ ಹಿಡಿದು ನಕ್ಕರು. ನಾನೂ ನಕ್ಕೆ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅದರಲ್ಲೇ ಇನ್ನೊಂದು. ಒಂದೇ ಪಂಪಿಗೆ ಕಾರ್ಡುಗಳಲ್ಲಿ ಮೂರು ಹೆಸರಿದ್ದವು. 'ಎರಡನೇ ನಂಬರು', 'ದೊಡ್ಡ ಪಂಪು', 'ಹಳೇ ಕೋಣೆ ಪಂಪು'. ನಾನು ಕಾರ್ಡಿನಲ್ಲಿದ್ದಂತೆಯೇ ಬರೆದುಕೊಟ್ಟೆ. ಯಂತ್ರದಲ್ಲಿ ಅದು ಮೂರು ಪಂಪಾಯಿತು. ಅವನು ನಾಲ್ಕು ದಿನ ತಡಕಾಡಿ, ಕೊನೆಗೆ ನನ್ನ ಬಳಿ ಬಂದ.

"ಅಣ್ಣಾ, ದೊಡ್ಡ ಪಂಪು ಅಂದ್ರೆ ಎರಡನೇ ನಂಬರೇನಾ?"

"ಊಂ."

"ಮೊದ್ಲೇ ಏಳಿದ್ರೆ ಚೆನ್ನಾಗಿರ್ತಿತ್ತು."

"ನೀನು ಕೇಳ್ಲಿಲ್ವಲ್ಲಪ್ಪಾ."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡು ಹೋದ. ಅವನು ರೇಗಿದ್ದರೆ ನನಗೆಷ್ಟೋ ನೆಮ್ಮದಿಯಾಗುತ್ತಿತ್ತು.

ಆರನೇ ವಾರಕ್ಕೆ ತಪ್ಪುಗಳು ಕಡಿಮೆಯಾದವು. ಏಳನೇ ವಾರ ಒಂದು ಬೆಳಿಗ್ಗೆ ಫೋರ್‌ಮನ್ ಟೀ ಲೋಟ ಹಿಡಿದು ಬಂದರು. ನನ್ನ ಪಕ್ಕದ ಸ್ಟೂಲನ್ನು ಎತ್ತಿಕೊಂಡರು. ಅದನ್ನು ಆ ಕೋಣೆಯ ಬಾಗಿಲಲ್ಲಿ ಹಾಕಿಕೊಂಡು ಕೂತು, "ಏಮಪ್ಪಾ, ಮಿಷನ್ನು ಏನಂತೈತೆ ಇವತ್ತು?" ಎಂದರು. ಅವರು ಬೇಕೆಂದೇನೂ ಮಾಡಿದ್ದಲ್ಲ. ನಾನು ಮಾತ್ರ ಸ್ಟೂಲಿನ ನಾಲ್ಕು ಕಾಲಿನ ಗುರುತು ಉಳಿದಿದ್ದ ನೆಲವನ್ನೇ ನೋಡುತ್ತ ಕೂತೆ.

ಮನೆಯಲ್ಲಿ ನನ್ನ ಹೆಂಡತಿಗೆ ಸಾಕಾಗಿ ಹೋಗಿತ್ತು. ಸಂಜೆ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತ ಹೇಳಿದಳು: "ಅದೇನ್ ದಿನಾ ಅವನ್ ಇಸ್ಯಾನೇ. ಅವನ್ ಕೂಲರು, ಅವನ್ ಟೀ, ಅವನ್ ಕುರ್ಚಿ. ಮನೇಗೂ ಅವನ್ನೇ ಕರ್ಕೊಂಡ್ ಬತ್ತೀರಲ್ಲ. ನಿಮ್ ತಟ್ಟೇಲಿ ಏನೈತೆ ಅಂತಾನಾದ್ರೂ ನೋಡ್ಕೊಂಡ್ ಉಣ್ಣಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಎಂಟನೇ ವಾರದಿಂದ ಕಂಪ್ಯೂಟರ್ ಪಟ್ಟಿಯೇ ಅಧಿಕೃತ, ಹಲಗೆ ನೋಡಿ ಚೀಟಿ ಬರೆಯುವುದು ನಿಂತಿತು. ಬುಧವಾರ ಮಧ್ಯಾಹ್ನ ಮರುದಿನದ ಪಟ್ಟಿ ಬಂತು. ಏಳನೆಯ ಸಾಲಿನಲ್ಲಿ ಎರಡನೇ ನಂಬರ್ ಪಂಪು, ಬೇರಿಂಗ್ ಬದಲಾವಣೆ.

ಆ ಕಾರ್ಡಿನ ಹಿಂಬದಿ ನನಗೆ ಬಾಯಿಪಾಠವಾಗಿತ್ತು. ನೆಲದಡಿಯ ಕೋಣೆಯಲ್ಲಿರುವ ಆ ಪಂಪು ನೀರನ್ನು ಮೇಲಿನ ಲೆವೆಲ್ಲಿಗೆ ಎತ್ತುತ್ತದೆ. ಪಂಪು ನಿಂತರೂ ಉದ್ದನೆಯ ಪೈಪಿನಲ್ಲಿ ನೀರು ತುಂಬಿಕೊಂಡು ತಲೆಯ ಮೇಲೆ ನಿಂತಿರುತ್ತದೆ. ಅದನ್ನು ತಡೆಯುವುದು ಪಂಪಿನ ಪಕ್ಕದ ವಾಲ್ವ್. ಆ ವಾಲ್ವಿನ ಚಕ್ರ ಪೂರ್ತಿ ತಿರುಗುತ್ತಿತ್ತು, ಮುಚ್ಚಿತು ಎಂದೇ ಅನಿಸುತ್ತಿತ್ತು, ಆದರೆ ಒಳಗಿನ ತಟ್ಟೆ ಸವೆದು ಮುಚ್ಚುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಒಬ್ಬ ಫಿಟರ್ ಅದನ್ನು ನಂಬಿ ಬೋಲ್ಟು ಸಡಿಲಿಸಿ, ನುಗ್ಗಿದ ನೀರಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಬದಲಿ ವಾಲ್ವ್ ಆಗ ಸ್ಟೋರಿನಲ್ಲಿರಲಿಲ್ಲ. ಮೇಲಿನ ಲೆವೆಲ್ಲಿನ ವಾಲ್ವನ್ನೂ ಮುಚ್ಚಿಸಿ, ಪೈಪಿನ ನೀರು ಇಳಿಸಿ, ಆಮೇಲೆಯೇ ಕೈ ಹಾಕಬೇಕು ಎಂದು ಅವನು ಹೇಳಿದ್ದನ್ನು ನಾನು ಬರೆದಿಟ್ಟಿದ್ದೆ. ಅವನು ನಿವೃತ್ತನಾಗಿದ್ದ. ಗುರುವಾರ ಹೋಗಬೇಕಾಗಿದ್ದ ಇಬ್ಬರೂ ಬೇರೆ ಗಣಿಯಿಂದ ಹೊಸದಾಗಿ ಬಂದವರು.

ಪಟ್ಟಿಯ ಪ್ರತಿ ನನ್ನ ಮೇಜಿನ ಮೇಲಿತ್ತು. ಎದ್ದು ಹತ್ತು ಹೆಜ್ಜೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಏಳಲಿಲ್ಲ. ಯಾರಿಗೂ ಏನೂ ಆಗಬೇಕೆಂದು ನಾನು ಬಯಸಲಿಲ್ಲ, ದೇವರಾಣೆ. ಆದರೆ ಯಾರಾದರೂ ಬಂದು ನನ್ನನ್ನು ಕೇಳಲಿ ಎಂದು ಬಯಸಿದೆ. ಫಿಟರುಗಳು ಬಂದು ನಿಲ್ಲಲಿ, ಫೋರ್‌ಮನ್ ಸ್ಟೂಲು ವಾಪಸ್ಸು ತರಲಿ. ನಾಳೆ ಬೆಳಿಗ್ಗೆ ಅವರು ಇಳಿಯುವ ಹೊತ್ತಿಗೆ ನಾನೇ ಹೋಗಿ ಎಲ್ಲರೆದುರು ಹೇಳಿದರಾಯಿತು, ಆಗ ಗೊತ್ತಾಗುತ್ತದೆ ಮಿಷನ್ನಿಗೆ ಏನು ಗೊತ್ತು, ನನಗೇನು ಗೊತ್ತು ಎಂದು. ಹಾಗೆ ಲೆಕ್ಕ ಹಾಕಿ ಸಂಜೆಯ ರೈಲು ಹತ್ತಿದೆ.

ಗುರುವಾರ ಬೆಳಿಗ್ಗೆ ರೈಲು ಕೋರಮಂಡಲ್ ಸ್ಟೇಷನ್ನಿನಲ್ಲಿ ನಿಂತಿತು, ಹೊರಡಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಎಂಜಿನ್ನಿಗೆ ಏನೋ ಆಗಿದೆ ಎಂದರು. ಜನ ಇಳಿದು ಕಡಲೆಕಾಯಿ ತಿನ್ನತೊಡಗಿದರು. ನನ್ನ ಗಡಿಯಾರದಲ್ಲಿ ಪಾಳಿಯವರು ಇಳಿಯುವ ಹೊತ್ತಾಗಿತ್ತು. ಆ ವಾಲ್ವಿನ ಮಾತು ಗೊತ್ತಿದ್ದ ಮನುಷ್ಯ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದ, ಗೊತ್ತಿಲ್ಲದ ಇಬ್ಬರು ಕೇಜಿನಲ್ಲಿ ಇಳಿಯುತ್ತಿದ್ದರು.

ಹಳಿಯ ಪಕ್ಕದಲ್ಲೇ ಓಡಿದೆ. ಊಟದ ಡಬ್ಬಿ ಎಲ್ಲೋ ಕೈಜಾರಿತು. ಊರಿಗಾಂ ತಲುಪಿ, ಕಚೇರಿಗೆ ಹೋಗದೆ ನೇರ ಗಣಿಗಿಳಿಯುವ ಶಾಫ್ಟಿನ ಬಾಯಿಗೆ ಹೋದೆ. ಕೇಜು ಆಗಲೇ ಇಳಿದು ಅರ್ಧ ಗಂಟೆಯ ಮೇಲಾಗಿತ್ತು. ಅಲ್ಲಿ ಕೇಜು ಇಳಿಸಲು ಗಂಟೆ ಕೊಡುವಾತನ ಕೈಯಿಂದ ಫೋನು ಕಿತ್ತುಕೊಂಡು ಪಂಪಿನ ಕೋಣೆಗೆ ಕೊಡಿಸು ಎಂದು ಕಿರುಚಿದೆ. ಸುತ್ತ ಹತ್ತಾರು ಜನ ನಿಂತು ನೋಡುತ್ತಿದ್ದರು. ಫೋರ್‌ಮನ್ನೂ ಅಲ್ಲೇ ಇದ್ದರು.

ಆ ಕಡೆಯಿಂದ ಫಿಟರನ ದನಿ ಬಂತು.

"ಬೋಲ್ಟ್ ಬಿಚ್ಬೇಡಿ!" ಎಂದೆ. "ಆ ವಾಲ್ವ್ ಮುಚ್ಚಿರಲ್ಲ! ಮೇಲಿನ ವಾಲ್ವ್..."

"ಗೊತ್ತು ಸಾರ್," ಎಂದ ಅವನು. "ಮೇಲಿಂದೂ ಮುಚ್ಚೈತೆ, ನೀರು ಇಳೀತಾ ಐತೆ. ಬೆಳಿಗ್ಗೇನೇ ಕಂಪ್ಯೂಟರ್ ಅಣ್ಣ ಬಂದು ಏಳೋದ್ರು."

ಫೋನು ಇಟ್ಟೆ. ತಿರುಗಿದರೆ ದೀಪದ ಕಿಟಕಿಯ ಬಳಿ ಅವನು ನಿಂತಿದ್ದ.

"ನಿನಗೆ ಹೇಗೆ ಗೊತ್ತಾಯ್ತು?" ಎಂದೆ. ಉಸಿರು ಇನ್ನೂ ಸರಿಯಾಗಿರಲಿಲ್ಲ.

"ಸೋಮವಾರ ನೀವು ಊಟಕ್ಕೆ ಓಗಿದ್ರಿ. ಒಂದು ತಾರೀಖು ನೋಡಕ್ಕೆ ಕಾರ್ಡ್ ತೆಗ್ದೆ, ಕೈಜಾರಿ ಉಲ್ಟಾ ಬಿತ್ತು. ಆಮೇಲೆ ಆ ಸಾಲಲ್ಲಿರೋದೆಲ್ಲ ತಿರ್ಗಿಸಿ ನೋಡ್ದೆ ಅಣ್ಣಾ."

"ಸೋಮವಾರವೇ? ಮತ್ತೆ ಇವತ್ತಿನವರೆಗೆ ಯಾಕೆ ಸುಮ್ನಿದ್ದೆ?"

ಅವನು ನೆಲ ನೋಡಿದ. "ನೀವೇ ಏಳ್ತೀರಾಂತ ಕಾಯ್ತಿದ್ದೆ. ನಿನ್ನೆ ಸಂಜೆವರ್ಗೂ ಕಾದೆ."

ನನ್ನ ಜನ್ಮದಲ್ಲಿ ಯಾರ ಬೈಗುಳವೂ ನನ್ನನ್ನು ಅಷ್ಟು ಕುಗ್ಗಿಸಿರಲಿಲ್ಲ. ಅವನು ಬೈದೂ ಇರಲಿಲ್ಲ. ಆ ಹೊತ್ತಿನಲ್ಲೂ ನನ್ನೊಳಗೆ ಎದ್ದದ್ದು ಕೃತಜ್ಞತೆಯಲ್ಲ. ಇದರಲ್ಲೂ ಇವನೇ ನನಗಿಂತ ಮುಂದೆ ಹೋದನಲ್ಲ ಎಂಬ ಕಿಚ್ಚು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಫೋರ್‌ಮನ್ ಹತ್ತಿರ ಬಂದರು. "ಏಮಯ್ಯಾ, ನಿನಗೆ ಯಾವಾಗಿಂದ ಗೊತ್ತು ಈ ವಾಲ್ವ್ ಮಾತು ಲಿಸ್ಟಲ್ಲಿ ಇಲ್ಲಾಂತ?"

ನಮೂನೆಯಲ್ಲಿ ಅಂಕಣ ಇರಲಿಲ್ಲ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಎಂಟು ವಾರ ಅದೇ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ.

"ಮೊದಲ್ನೇ ದಿನದಿಂದ," ಎಂದೆ.

ಫೋರ್‌ಮನ್ ಹೇಳುವ ಮೊದಲು ನಾನೇ ಎಂಜಿನಿಯರ್ ಹತ್ತಿರ ಹೋದೆ. ಕಾರ್ಡುಗಳ ಒಂದು ಕಟ್ಟನ್ನು ಉಲ್ಟಾ ಮಾಡಿ ಅವರ ಮೇಜಿನ ಮೇಲಿಟ್ಟು ಇದ್ದುದನ್ನೆಲ್ಲ ಹೇಳಿದೆ. ಅವರು ಐದಾರು ಕಾರ್ಡು ಓದಿದರು. ಮುಖ ಕೆಂಪಾಯಿತು. "ಮನೆಗೆ ಕಳಿಸಬೇಕು ನಿಮ್ಮನ್ನ," ಎಂದರು. ಇನ್ನೊಂದು ಕಾರ್ಡು ತಿರುಗಿಸಿ ನೋಡಿ, "ಎಷ್ಟು ದಿನ ಬೇಕು ಇದಕ್ಕೆ?" ಎಂದು ಕೇಳಿದರು. ಹಲಗೆ ಇನ್ನೂ ಎರಡು ವಾರ ಗೋಡೆಯ ಮೇಲಿರಲಿ, ಅಲ್ಲಿಯವರೆಗೆ ಚೀಟಿಯನ್ನು ಎರಡನ್ನೂ ನೋಡಿಯೇ ಬರೆಯೋಣ ಎಂದು ಕೇಳಿಕೊಂಡೆ. ಒಪ್ಪಿದರು. ನನ್ನ ಕಡತಕ್ಕೆ ಒಂದು ಎಚ್ಚರಿಕೆ ಪತ್ರವೂ ಸೇರಿತು.

ಅಂದಿನಿಂದ ನಾನು ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಯೊಳಗೆ ಕೂತೆ. ನಾನು ಹಿಂಬದಿ ಓದುವುದು, ಅವನು ಹೊಡೆಯುವುದು. ಪ್ರೋಗ್ರಾಮಿನಲ್ಲಿ ಷರಾ ಎಂಬ ಒಂದು ಸಾಲು ಮೊದಲಿನಿಂದಲೂ ಇತ್ತು, ಯಾರೂ ಬಳಸಿರಲಿಲ್ಲ. ಅದರಲ್ಲಿ ಹಿಡಿಯುವುದು ನಲವತ್ತೇ ಅಕ್ಷರ. ನನ್ನ ಪೆನ್ಸಿಲ್ ಬರಹ ಅರ್ಧ ಪುಟ. ನಲವತ್ತರೊಳಗೆ ಇಳಿಸಲು ಇಬ್ಬರೂ ಜಗಳಾಡುತ್ತಿದ್ದೆವು. ಇಂಗ್ಲಿಷಿನಲ್ಲಿ ಬರೆದರೆ ಫಿಟರುಗಳಿಗೆ ಅರ್ಥವಾಗದು ಎಂದು ನಾನು, ಕನ್ನಡ ಯಂತ್ರಕ್ಕೆ ಬರದು ಎಂದು ಅವನು. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದೆವು, ಕೆಲವು ಕಡೆ ತಮಿಳು. 'ಮೇಲಿನ ವಾಲ್ವ್ ಮುಚ್ಚು, ಪೈಪ್ ಖಾಲಿ ಮಾಡು' ಎಂಬುದು ಇಂಗ್ಲಿಷ್ ಅಕ್ಷರಕ್ಕಿಳಿದು ನಲವತ್ತೊಂದಕ್ಕೆ ಮುಟ್ಟಿತು. ಅವನು ಬೆರಳು ಮಡಿಸಿ ಎಣಿಸಿ, "ಒಂದು ಸ್ಪೇಸ್ ತೆಗೀಬೇಕಣ್ಣಾ," ಎಂದ. ತೆಗೆದ.

ಅದನ್ನು ಹೊಡೆದು ಮುಗಿಸಿದವನು ಕೀಲಿಮಣೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದ.

"ಅಣ್ಣಾ, ಒಂದು ಕೇಳ್ಲಾ? ಎಂಟು ವರ್ಷದಿಂದ ಕಾರ್ಡ್ ಇಂದ್ಗಡೆ ಐತೆ ಇದು. ಆ ವಾಲ್ವ್ ಬದ್ಲಾಯ್ಸೋ ಕೆಲ್ಸಕ್ಕೆ ಕಾರ್ಡೇ ಇಲ್ವಲ್ಲ. ನಾನು ಬೋರ್ಡೆಲ್ಲಾ ಉಡುಕ್ದೆ."

"ಆಗ ಸ್ಟೋರಲ್ಲಿ ವಾಲ್ವ್ ಇರ್ಲಿಲ್ಲ."

"ಆಮೇಲೆ?"

ಆಮೇಲೆ ನಾನು ಕೇಳಲೇ ಇಲ್ಲ. ಪ್ರತಿ ಸಲ ಆ ಪಂಪಿನ ಚೀಟಿ ಕೊಡುವಾಗ ಫಿಟರನ್ನು ನಿಲ್ಲಿಸಿ, ದನಿ ತಗ್ಗಿಸಿ, ಹುಷಾರು ಎಂದು ಹೇಳಿ ಕಳಿಸುತ್ತಿದ್ದೆ. ಅವನು ತಲೆಯಾಡಿಸಿ, "ನೀವಿದ್ದೀರಿ ಬಿಡಿ ಸಾರ್," ಅನ್ನುತ್ತಿದ್ದ. ಎಂಟು ವರ್ಷ ಒಂದು ಹಾಳು ವಾಲ್ವನ್ನು ನಾನು ಆ ಮಾತಿಗೋಸ್ಕರ ಸಾಕಿಕೊಂಡಿದ್ದೆನೇ? ಪೂರ್ತಿ ಹಾಗೆಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಕೀಲಿಮಣೆಯ ಮುಂದೆ ಕೂತಿದ್ದವನಿಗೆ, "ಸ್ವಲ್ಪ ಏಳು," ಎಂದೆ.

ಅವನು ಕುರ್ಚಿ ಬಿಟ್ಟುಕೊಟ್ಟ. ನಾನು ಮೊದಲ ಬಾರಿಗೆ ಆ ಯಂತ್ರದ ಮುಂದೆ ಕೂತೆ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ, ಎರಡನೇ ನಂಬರ್ ಪಂಪು, ವಾಲ್ವ್ ಬದಲಾವಣೆ ಎಂದು ಹೊಸ ಕೆಲಸವೊಂದನ್ನು ಸೇರಿಸಿದೆ. ಕಾಲು ಗಂಟೆಯೇ ಹಿಡಿಯಿತು. ಅವನು ಪಕ್ಕದಲ್ಲಿ ನಿಂತು ಕೊನೆಯವರೆಗೂ ನೋಡಿದ.

ಹಲಗೆಯನ್ನು ಬಡಗಿ ಬಂದು ಇಳಿಸಿಕೊಂಡು ಹೋದ. ವಾಲ್ವಿಗೆ ನಾನೇ ಸ್ಟೋರಿಗೆ ನಾಲ್ಕು ಸಲ ಅಲೆದೆ. ಕೆಲವು ತಿಂಗಳ ನಂತರ ಪಂಪು ನಿಲ್ಲಿಸಿದಾಗ ಹೊಸದನ್ನು ಕೂರಿಸಿದರು. ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು ಷರಾ ಸಾಲನ್ನು ನೋಡಿ ಬಹಳ ಮೆಚ್ಚಿದರು. ಅವನು ನನ್ನ ಕಡೆ ಕೈ ತೋರಿಸಿ, "ಇದೆಲ್ಲಾ ಅಣ್ಣಂದು ಸಾರ್," ಎಂದ. ಅಧಿಕಾರಿ ನನಗೊಂದು ನಗೆ ಕೊಟ್ಟು ಅವನ ಕೈ ಕುಲುಕಿದರು. ಮುಂದಿನ ತಿಂಗಳು ಅವನಿಗೆ ಬಡ್ತಿ ಕೊಟ್ಟು ಮುಖ್ಯ ಕಚೇರಿಗೆ ಕರೆಸಿಕೊಂಡರು. ಸುದ್ದಿ ಕೇಳಿದಾಗ ಎದೆಯಲ್ಲಿ ಹಳೆಯ ಜಾಗದಲ್ಲೇ ಹಳೆಯ ಉರಿ ಎದ್ದಿತು. ಅದು ಹೋಯಿತು ಎಂದು ನಾನೇನೂ ಅಂದುಕೊಂಡಿರಲಿಲ್ಲ. ಅವನಿಗೆ ಹಾರ ತರಲು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ನಾನೇ ಹೋದೆ.

ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಮೊದಲ ವಾರ ಎರಡನೇ ನಂಬರ್ ಪಂಪಿನ ಸರದಿ ಬಂದಾಗ ಷರಾ ಸಾಲು ತೆರೆದು, ಹೊಸ ವಾಲ್ವ್ ಕೂತ ಮೇಲೆ ಬೇಡವಾಗಿದ್ದ ಆ ನಲವತ್ತು ಅಕ್ಷರಗಳನ್ನು ಒಂದೊಂದಾಗಿ ಅಳಿಸಿದೆ. ಮರುದಿನ ಬೆಳಿಗ್ಗೆ ಆ ಕೆಲಸಕ್ಕೆ ಹೊರಟ ಫಿಟರ್ ಬಾಗಿಲಲ್ಲೇ ಕೈಚಾಚಿ ಚೀಟಿ ತೆಗೆದುಕೊಂಡ. ಅವನಿಗೆ ಹೇಳಬೇಕಾದ್ದು ನನ್ನ ಬಳಿ ಏನೂ ಇರಲಿಲ್ಲ. ಅವನೂ ನಿಲ್ಲದೆ ಶಾಫ್ಟಿನ ಕಡೆ ನಡೆದ.